ಲಾರಿ ದುಡ್ಡಿನ ಬೋರಿಂಗು

ರಾಮಲಕ್ಷ್ಮಮ್ಮನಿಗೆ ಆ ವಾರವೆಲ್ಲ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಬಂದು ರೇಷ್ಮೆಹುಳುವಿನ ತಟ್ಟೆ ನೋಡುವಳು, ಹೊರಗೆ ಹೋಗಿ ಬಾವಿಗೆ ಇಣುಕುವಳು, ಮತ್ತೆ ಒಳಕ್ಕೆ. ಬಾವಿಗೆ ಎಷ್ಟು ಸಲ ಇಣುಕಿದರೆ ಏನು ಬಂತು? ನೀರು ಹಳದಿಗೆ ತಿರುಗಿತ್ತು. ಮೇಲೆ ಎಣ್ಣೆಯಂಥ ಪಸೆ ತೇಲುತ್ತಿತ್ತು. ಬಿಂದಿಗೆ ಎತ್ತಿದರೆ ಸತ್ತ ಇಲಿಯ ವಾಸನೆ.

ಬೈರಕುಂಟೆಯ ಕೊನೆಯ ಬೀದಿಗೆ ಇದ್ದದ್ದು ಅದೊಂದೇ ಬಾವಿ. ಬಾವಿಯಿಂದ ಒಂದು ಹೊಲ ದಾಟಿದರೆ ಹಳೇ ಕಲ್ಲುಗುಂಡಿ. ಆ ಗುಂಡಿಗೆ ಪಟ್ಟಣದ ಕಸದ ಲಾರಿ ದಿನಾ ಬಂದು ಸುರಿದು ಹೋಗುತ್ತಿತ್ತು. ಪುಕ್ಕಟೆ ಅಲ್ಲ ಮತ್ತೆ! ಲಾರಿಗಿಷ್ಟು ಅಂತ ಪಂಚಾಯ್ತಿಗೆ ಕಟ್ಟಬೇಕು, ಆ ದುಡ್ಡು ಊರಿನ ಏಳಿಗೆಗೇ ಹೋಗಬೇಕು ಅಂತ ಕರಾರಾಗಿತ್ತು. ಊರವರ ಬಾಯಲ್ಲಿ ಅದು ಲಾರಿ ದುಡ್ಡು. ವಾಸನೆ ಕೊನೆಯ ಬೀದಿಗೆ, ದುಡ್ಡು ಇಡೀ ಊರಿಗೆ. ಎಂಥ ನ್ಯಾಯ ನೋಡಿ!

ಈಗ ಆ ದುಡ್ಡಿನಲ್ಲಿ ಭಜನೆ ಮನೆ ಕಟ್ಟಿಸಬೇಕೆಂದು ಚೇರ್ಮನ್ ಚನ್ನರಾಯಪ್ಪನವರು ಹಟ ಹಿಡಿದಿದ್ದರು. ರಾಮಲಕ್ಷ್ಮಮ್ಮನಿಗೆ ಬೇಕಾಗಿದ್ದದ್ದು ತಮ್ಮ ಬೀದಿಗೊಂದು ಬೋರಿಂಗು, ಕೈಯಲ್ಲಿ ಒತ್ತಿದರೆ ನೀರು ಬರುವಂಥದ್ದು, ಅಷ್ಟೇ. ಆದರೆ ಆ ಬೀದಿಯ ಪಂಚಾಯ್ತಿ ಮೆಂಬರು ಬೇರೆ ಯಾರೂ ಅಲ್ಲ, ಅವಳ ಗಂಡ ಸುಬ್ಬರಾಯಪ್ಪ. ಪುಣ್ಯಾತ್ಮನಿಗೆ ಹಾರ್ಮೋನಿಯಂ ಹುಚ್ಚು. ಭಜನೆ ಮನೆ ಆದರೆ ಮುಂದಿನ ಸಾಲಿನಲ್ಲಿ ನೀನೇ ಕೂತ್ಕೋ ಅಂತ ಚೇರ್ಮನ್ನರು ಅಂದದ್ದೇ ತಡ, ಇವನು ತಲೆ ಅಲ್ಲಾಡಿಸಿ ಬಂದಿದ್ದ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗಾಯ್ತು ನಿನ್ ಭಜನೆ," ಅಂದಳು ರಾಮಲಕ್ಷ್ಮಮ್ಮ, ಸೊಪ್ಪು ಹೆಚ್ಚುತ್ತಾ.

"ದೇವ್ರ ಕೆಲ್ಸ ಕಣೇ. ಬಾಯ್ಬಿಟ್ಟು ಆಡ್ಕೋಬೇಡ."

"ದೇವ್ರಿಗೆ ಅಭಿಷೇಕಕ್ಕೆ ನೀರು ಎಲ್ಲಿಂದ ತರ್ತೀಯಾ? ನಮ್ ಬಾವಿಯಿಂದ ತಗೊಂಡೋಗಿ ಸುರಿ ನೋಡಾನ, ಎದ್ದು ಓಡೋಗ್ತಾನೆ ನಿನ್ ದೇವ್ರು!"

ಸುಬ್ಬರಾಯಪ್ಪ ಟವೆಲ್ ಕೊಡವಿ ಹೊರಗೆ ಹೋದ. ಉತ್ತರ ಇಲ್ಲದಾಗ ಗಂಡಸರಿಗೆ ಹೊರಗೆ ಎಲ್ಲಿಲ್ಲದ ಕೆಲಸ. ಅವಳು ಬಿಂದಿಗೆ ಎತ್ತಿಕೊಂಡು ಊರ ನಡುವಿನ ಬೋರಿಂಗಿಗೆ ನಡೆದಳು. ಅಲ್ಲಿ ಸಾಲಿನಲ್ಲಿ ನಿಂತರೆ ಒಬ್ಬೊಬ್ಬರದೂ ಒಂದೊಂದು ಮಾತು. "ನಿಮ್ ಬೀದೀಲಿ ಬಾವಿ ಇಲ್ವಾ? ನಮ್ ತಾವ್ಯಾಕೆ ಬರ್ತೀರಾ?" ಅಂತ ಕೇಳಿಸಿಕೊಂಡು, ಬಿಂದಿಗೆ ತುಂಬಿಸಿಕೊಂಡು, ಕಣ್ಣಲ್ಲೂ ನೀರು ತುಂಬಿಕೊಂಡು ಬಂದಳು.

ಅವಳು ಹಗಲೂ ರಾತ್ರಿ ಕೊರೆದದ್ದಕ್ಕೆ ಸುಬ್ಬರಾಯಪ್ಪ ಒಂದು ಉಪಕಾರ ಮಾಡಿದ್ದ. ಬಾವಿ ಕೆಟ್ಟಿದೆಯೋ ಇಲ್ಲವೋ ನೋಡಿ ಹೇಳಲು ತಾಲ್ಲೂಕಿನಿಂದ ಓವರ್ಸಿಯರ್ ಒಬ್ಬರು ಬರುವಂತೆ ಮಾಡಿದ್ದ. ಅವರು ಬಂದರು ಕೂಡ. ಬಂದ ದಿನ ಮಾತ್ರ ಹಾಳು ದಿನ. ಕೊನೆಯ ಬೀದಿಯವರೆಲ್ಲ ಒಂದೇ ದಿನ ಮೊಟ್ಟೆ ತಂದು ಹುಳು ಎಬ್ಬಿಸಿದವರು. ಆವತ್ತು ಮನೆಮನೆಯಲ್ಲೂ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಕಾಯಿಲೆ ಅಲ್ಲ. ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಪೊರೆ ಕಳಚುವ ಹೊತ್ತು. ಆ ಹೊತ್ತಿನಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ ಮುಗಿಯಿತು, ಹೊರಗಿನ ಪಿಳ್ಳೆಯೂ ಸುಳಿಯಕೂಡದು. ಹೊಗೆ ಆಗದು, ಸೆಂಟು ಆಗದು, ಒಗ್ಗರಣೆ ಸಿಡಿಸುವುದೂ ಆಗದು.

ಓವರ್ಸಿಯರ್ ಕಸದ ಗುಂಡಿ ಸುತ್ತಿಕೊಂಡು, ಬಾಯಲ್ಲಿ ಸಿಗರೇಟು ಹಚ್ಚಿಕೊಂಡು, ತಲೆಗೆ ಘಮಘಮ ಎಣ್ಣೆ ಮೆತ್ತಿಕೊಂಡು ಬೀದಿಯ ಬಾಯಿಗೆ ಬಂದರು. ರಾಮಲಕ್ಷ್ಮಮ್ಮ ಹೊರಗೆ ಓಡಿ ಬಂದಳು. ಬಾವಿಯ ಕಟ್ಟೆಗೆ ಅವಳ ಹುಳುಮನೆಯ ಕಿಟಕಿ ಮೈಗೆ ಮೈ.

"ಅಲ್ಲೇ ನಿಂತ್ಕಳಿ ಸ್ವಾಮೀ! ಹುಳ ಜ್ವರಕ್ಕೆ ಕೂತವೆ!"

"ನಾನು ಬಾವಿ ನೋಡೋಕೆ ಬಂದಿರೋನಮ್ಮಾ, ನಿನ್ನ ಹುಳ ನೋಡೋಕಲ್ಲ."

"ನಾಲ್ಕು ದಿನ ಬಿಟ್ಟು ಬನ್ನಿ, ಕಾಲಿಗ್ ಬೀಳ್ತೀನಿ. ಇವತ್ತು ಆ ಇಂದ್ರ ಬಂದ್ರೂ ಬಿಡಾಕಿಲ್ಲ!"

ಪಕ್ಕದ ಮನೆಯ ಭಾರತಮ್ಮನೂ ಜಗಲಿಗೆ ಬಂದು ಬರಬೇಡಿ ಅಂತ ಕೈಯಾಡಿಸಿದಳು. ಬೀದಿಯ ಬಾಗಿಲುಗಳೆಲ್ಲ ಪಟಪಟ ಮುಚ್ಚಿಕೊಂಡವು. ಓವರ್ಸಿಯರ್ ನಕ್ಕು, ಹಿಂದಕ್ಕೆ ತಿರುಗಿ, ಚೇರ್ಮನ್ನರ ಮನೆಯಲ್ಲಿ ಕಾಫಿ ಕುಡಿದು ಬಸ್ಸು ಹತ್ತಿದರು. ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ತಾನೇ ಬೇಡಿ ಕರೆಸಿಕೊಂಡವರನ್ನು ತಾನೇ ಅಟ್ಟಿದೆನಲ್ಲಾ ಅಂತ ರಾಮಲಕ್ಷ್ಮಮ್ಮ ತನ್ನನ್ನೇ ಬೈದುಕೊಂಡಳು. ಆದರೆ ಇನ್ನೇನು ಮಾಡಬೇಕಿತ್ತು? ಹುಳುವನ್ನು ಸಾಯಿಸಬೇಕಿತ್ತೇ?

ಲಾರಿ ದುಡ್ಡಿನ ಮೀಟಿಂಗು ಸರಿಯಾಗಿ ಹುಳು ಹಣ್ಣಾಗುವ ದಿನಕ್ಕೇ ಬಿತ್ತು. ಬಿತ್ತೋ ಬೀಳಿಸಿದರೋ, ಬಲ್ಲವರು ಯಾರು? ಚೇರ್ಮನ್ನರ ಮನೆಯಲ್ಲಿ ಹುಳು ಇಲ್ಲ, ಅವರದು ಆಲೂಗಡ್ಡೆ ಬೆಳೆ. ಹಣ್ಣುಹುಳುವಿನ ಸಂಕಟ ಅವರಿಗೇನು ಗೊತ್ತು! ಹುಳು ಹಣ್ಣಾಗಿ ಮೈ ಬಂಗಾರಕ್ಕೆ ತಿರುಗಿದ ಕೂಡಲೇ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅದೇ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಬಿಡದಿದ್ದರೆ ತಟ್ಟೆಯ ಕಸದಲ್ಲೇ ಒಂದರ ಮೇಲೊಂದು ಬಿದ್ದು ಗೂಡು ಕಟ್ಟಿಕೊಳ್ಳುತ್ತದೆ. ಅಂಥ ಕೊಳಕು ಗೂಡನ್ನು ಮಾರ್ಕೆಟ್ಟಿನಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ.

"ಒಂದ್ ಗಳಿಗೆ, ಹಿಂಗ್ ಹೋಗಿ ಹಂಗ್ ಬರ್ತೀನಿ," ಅಂತ ಸುಬ್ಬರಾಯಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟ.

ರಾಮಲಕ್ಷ್ಮಮ್ಮ ಹುಳು ಆರಿಸತೊಡಗಿದಳು. ಕೈ ತಟ್ಟೆಯಲ್ಲಿ, ಮನಸ್ಸು ಮೀಟಿಂಗಿನಲ್ಲಿ. ಇಷ್ಟೊತ್ತಿಗೆ ಚೇರ್ಮನ್ನರು ಮಾತು ಶುರು ಮಾಡಿರುತ್ತಾರೆ. ಇಷ್ಟೊತ್ತಿಗೆ ಇವನು ತಲೆ ಅಲ್ಲಾಡಿಸಿರುತ್ತಾನೆ. ಬೀದಿಯವರೆಲ್ಲ ತಮ್ಮ ತಮ್ಮ ತಟ್ಟೆಯ ಮುಂದೆ ಕೂತಿದ್ದಾರೆ, ಬಾಯಿ ತೆರೆಯಲು ಒಂದು ನರಪಿಳ್ಳೆಯೂ ಇಲ್ಲ ಅಲ್ಲಿ. ಇವತ್ತು ತಪ್ಪಿದರೆ ದುಡ್ಡು ಕಲ್ಲು ಗಾರೆಯಾಗಿ ನಿಂತುಬಿಡುತ್ತದೆ, ಬೋರಿಂಗು ಇನ್ನು ಕನಸೇ. ಒಂದು ಹುಳು ಬೆರಳ ಮೇಲೆ ನೂಲು ಬಿಟ್ಟಿತು. ಅವಳು ಅದನ್ನು ಚಂದ್ರಿಕೆಗೆ ಇಟ್ಟವಳೇ ಎದ್ದಳು, ಕೂತಳು, ಮತ್ತೆ ಎದ್ದಳು.

"ಹಾಳಾಗೋಗ್ಲಿ ಅತ್ಲಾಗೆ!" ಅಂದು ಸೆರಗು ಸಿಕ್ಕಿಸಿಕೊಂಡು ಓಡಿದಳು. ಭಾರತಮ್ಮ ಕಿಟಕಿಯಿಂದ, "ಅಕ್ಕಾ, ಹುಳ! ಹುಳ ಬಿಟ್ಟು ಎಲ್ಲಿಗಕ್ಕಾ?" ಅಂತ ಕೂಗಿದ್ದು ಬೆನ್ನಿಗೆ ಬಿತ್ತು.

ಸ್ಕೂಲಿನ ಜಗಲಿಯಲ್ಲಿ ಗಂಡಸರು ಸಾಲಾಗಿ ಕೂತಿದ್ದರು. ರಾಮಲಕ್ಷ್ಮಮ್ಮ ಏದುಸಿರು ಬಿಡುತ್ತಾ ಕಂಬದ ಪಕ್ಕ ನಿಂತಳು.

"ಏಮಮ್ಮಾ, ಇಲ್ಲಿಗ್ಯಾಕ್ ಬಂದೆ?" ಚೇರ್ಮನ್ನರು ಹುಬ್ಬು ಏರಿಸಿದರು.

"ನಮ್ ಬೀದಿಗೆ ಬೋರಿಂಗ್ ಬೇಕು, ಚೇರ್ಮನ್ರೇ. ಬಾವಿ ಕೆಟ್ಟೋಗದೆ."

"ಬಾವಿ ಕೆಟ್ಟಿದ್ರೆ ಓವರ್ಸಿಯರ್‌ನ ಯಾಕಮ್ಮಾ ಅಟ್ಟಿದ್ರಿ? ಬೀದಿಯೋರು ಬಾವಿ ತೋರಿಸ್ಲಿಲ್ಲ, ದೂರು ಇಲ್ಲ ಅಂತ ಅವ್ರು ಹೇಳ್ಬಿಟ್ಟವ್ರೆ. ನಿನ್ ಯಜಮಾನ್ರೂ ಭಜನೆ ಮನೆಗೆ ಒಪ್ಪವ್ರೆ."

"ಅಟ್ಟಿದ್ದು ನಾನೇ. ಹುಳ ಜ್ವರದಲ್ಲಿದ್ವು, ಅಟ್ಟಿದೆ. ತಪ್ಪೇ ಆಯ್ತು ಅನ್ನಿ. ಈಗ ನಾನು ಹಣ್ಣುಹುಳ ತಟ್ಟೇಲಿ ಬಿಟ್ಟು ಬಂದಿವ್ನಿ. ಇನ್ನೇನ್ ತೋರಿಸ್ಬೇಕು ನಿಮ್ಗೆ?"

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿ ಕೂತವರಲ್ಲಿ ಮುಕ್ಕಾಲು ಜನ ಹುಳು ಸಾಕಿ ಬೆಳೆದವರು. ಮನೆಯಲ್ಲಿ ಹೆಣ ಬಿದ್ದಿದ್ದರೂ ಹಣ್ಣುಹುಳು ಆರಿಸಿಯೇ ಎತ್ತುತ್ತಾರೆ ಅನ್ನುವ ಊರು ಅದು. ಹುಳು ಬಿಟ್ಟು ಬಂದ ಹೆಂಗಸನ್ನು ಅವರು ಕಂಡಿರಲಿಲ್ಲ, ಕೇಳಿರಲೂ ಇಲ್ಲ.

ಸುಬ್ಬರಾಯಪ್ಪ ಚಂಗನೆ ಎದ್ದ. ಮುಖ ಕಪ್ಪಿಟ್ಟಿತ್ತು. "ನಿಂಗೇನ್ ಗ್ರಾಚಾರ ಬಡೀತೇ? ಅಯ್ಯೋ ದೇವುಡಾ!" ಅಂದವನು ಜಗಲಿಯಿಂದ ಧುಮುಕಿಬಿಟ್ಟ. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಚೇರ್ಮನ್ರೇ, ನಾನ್ ಒಪ್ಪಿದ್ದು ಬಿಟ್ಹಾಕಿ. ಅವ್ಳೇನ್ ಅಂತಾಳೋ ಅದೇ ನನ್ ಮಾತು," ಅಂತ ಕೂಗಿ ಪಂಚೆ ಎತ್ತಿಕೊಂಡು ಮನೆಯ ಕಡೆ ಓಡಿದ.

ಜನರಲ್ಲಿ ಗುಸುಗುಸು ಎದ್ದಿತು. "ಹೆಣ್ಮಗ್ಳು ಹುಳ ಬಿಟ್ಟು ಬಂದವ್ಳೆ ಅಂದ್ರೆ ಸುಮ್ನೆ ಅಲ್ಲ ಕಣ್ರಯ್ಯ," ಅಂದರು ಮುದುಕ ಪೆದ್ದಪ್ಪನವರು. ಗಾಳಿ ತಿರುಗಿದ್ದು ಚೇರ್ಮನ್ನರಿಗೂ ತಿಳಿಯಿತು. ಅವರೇನು ಕಡಿಮೆಯವರೇ?

"ಆಯ್ತಮ್ಮಾ. ಬೋರಿಂಗೇ ಮೊದ್ಲು. ಆದ್ರೆ ಒಂದ್ ಮಾತು. ಭಜನೆ ಮನೆಗಾದ್ರೆ ಕಲ್ಲು ನಮ್ದೇ, ಇರೋ ದುಡ್ಡು ಸಾಕಾಗ್ತಿತ್ತು. ಬೋರ್ ಕೊರೆಯೋ ಗಾಡಿ ಕೋಲಾರದಿಂದ ಬರ್ಬೇಕು, ಪೈಪು ಬೇಕು, ಪಂಪು ಬೇಕು. ಸಾಲಲ್ಲ. ಟೌನಿನೋರು ದಿನಕ್ಕೆ ಇನ್ನೊಂದ್ ಲಾರಿ ಕಳಿಸ್ತೀವಿ ಅಂತ ಕೇಳ್ತಾನೇ ಅವ್ರೆ. ನಿಮ್ ಬೀದಿಯೋರು ಬೈತೀರಾ ಅಂತ ನಾನೇ ಬ್ಯಾಡ ಅಂದಿದ್ದೆ. ಒಪ್ಕೊಂಡ್ರೆ ಈ ಬೇಸಿಗೇಲೇ ಬೋರಿಂಗು. ಹೇಳು, ಒಪ್ತೀಯಾ?"

ಎಲ್ಲರ ಕಣ್ಣೂ ಅವಳ ಮೇಲೆ. ಇನ್ನೊಂದು ಲಾರಿ! ಬೀದಿಯವರನ್ನು ಕೇಳಿ ಹೇಳುತ್ತೇನೆ ಅನ್ನಬೇಕಿತ್ತು. ಅಂದರೆ ಮೀಟಿಂಗು ಮುಂದಕ್ಕೆ ಹೋಗುತ್ತದೆ, ಮಾತು ಮುರಿಯುತ್ತದೆ. ಅಲ್ಲಿ ಹುಳು ಕಸದಲ್ಲಿ ಹೊರಳಿ ನೂಲು ಬಿಡುತ್ತಿವೆ, ಒಬ್ಬನ ಎರಡು ಕೈ ಎಷ್ಟು ಆರಿಸೀತು? ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಹೂಂ. ಬರ್ಲಿ," ಅಂದಳು. ಅಂದವಳೇ ಯಾರ ಮುಖವನ್ನೂ ನೋಡದೆ ಓಡಿದಳು.

ಮನೆಯಲ್ಲಿ ಸುಬ್ಬರಾಯಪ್ಪ ಬೆವರು ಸುರಿಸುತ್ತಾ ಹುಳು ಆರಿಸುತ್ತಿದ್ದ. ಎರಡು ತಟ್ಟೆ ಆಗಲೇ ಹೋಗಿದ್ದವು, ಎಲೆಯ ಕಡ್ಡಿಗೆ, ಹಿಕ್ಕೆಗೆ ನೂಲು ಅಂಟಿಕೊಂಡು ಬಲೆಯಾಗಿತ್ತು. ಅವನು ಬೈಯಲಿಲ್ಲ. ಅವಳು ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೈ ಹಾಕಿದಳು.

"ಏನಂದ್ರು?"

"ಬೋರಿಂಗ್ ನಮ್ ಬೀದಿಗೆ. ಈ ಬೇಸಿಗೇಲೇ."

"ಪರ್ವಾಗಿಲ್ವೇ, ಗೆದ್ಕೊಂಡ್ ಬಂದ್ಯಲ್ಲೇ!" ಅವನ ಮುಖ ಅರಳಿತು. "ದುಡ್ಡು ಸಾಲುತ್ತಂತಾ?"

"ಇನ್ನೊಂದು ಲಾರಿ ಬರುತ್ತೆ. ನಾನೇ ಒಪ್ಕೊಂಡ್ ಬಂದೆ."

ಸುಬ್ಬರಾಯಪ್ಪನ ಕೈ ತಟ್ಟೆಯ ಮೇಲೇ ನಿಂತಿತು. "ಒಂದ್ ಲಾರಿಗೇ ಬಾವಿ ಹೋಯ್ತು. ಎರಡು ಬಂದ್ರೆ ಬೋರಿಂಗ್ ನೀರು ಉಳಿಯುತ್ತೇನೇ?"

ಅವಳು ತಲೆ ಎತ್ತಲಿಲ್ಲ. ಒಂದು ಹುಳುವನ್ನು ಎತ್ತಿ ಚಂದ್ರಿಕೆಗೆ ಬಿಟ್ಟಳು, ಇನ್ನೊಂದನ್ನು ಎತ್ತಿದಳು.

"ಕೆಡೋ ತನಕ ಕುಡ್ಯಾನ," ಅಂದಳು. "ನೀನ್ ಹುಳ ಆರ್ಸು."