ಇಪ್ಪತ್ತೊಂಬತ್ತನೇ ದಿನ

ವಿಮಾನ ಹಾರಿಸುವವನಿಗೆ ನೆಲದ ಮೇಲೆ ಸುಮ್ಮನೆ ಕೂರುವುದೇ ಒಂದು ಶಿಕ್ಷೆ. ಆಡಿಟರ್ ಎದುರು ಕೂರುವುದಂತೂ ಕೇಳಲೇಬೇಡಿ. ನನ್ನ ಕಾಲು ಮೇಜಿನ ಕೆಳಗೆ ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು.

ನಾನು ಯಾರ ನೌಕರನೂ ಅಲ್ಲ. ಜಕ್ಕೂರಿನಲ್ಲಿ ಹಾರಲು ಕಲಿತು, ಎರಡು ವರ್ಷದಿಂದ ಸುಡಾನಿನ ಹತ್ತಿ ಹೊಲಗಳಿಗೆ ವಿಮಾನದಿಂದ ಔಷಧಿ ಹೊಡೆಯುವ ಗುತ್ತಿಗೆ ಹಿಡಿದಿದ್ದೆ. ೧೯೭೯ರ ಮಾರ್ಚ್ ಇಪ್ಪತ್ತೇಳರಂದು ಯಶವಂತಪುರದ ಆಡಿಟರ್ ಚನ್ನಕೇಶವ ನನಗೆ ಕಾನೂನು ಬಿಡಿಸಿ ಹೇಳಿದರು.

"ನೋಡಿ ಗುರುಪಾದಪ್ಪ, ಸಂಜಯನಗರದಲ್ಲಿ ಮನೆ ಇಟ್ಕೊಂಡಿದೀರ. ಮನೆ ಇದ್ದು, ವರ್ಷದಲ್ಲಿ ಮೂವತ್ತು ದಿನ ಇಲ್ಲಿದ್ರೆ ನೀವು ಇಲ್ಲಿನ ನಿವಾಸಿ. ಸುಡಾನ್ ಸಂಪಾದನೆಗೂ ಇಲ್ಲೇ ತೆರಿಗೆ ಕಟ್ಬೇಕು. ಇಪ್ಪತ್ತೊಂಬತ್ತೇ ದಿನ ಆದ್ರೆ ಕಟ್ಬೇಕಾಗಿಲ್ಲ. ಈಗೆಷ್ಟಾಯ್ತು?"

ಡೈರಿ ನೋಡಿದೆ. ಇಪ್ಪತ್ತೆಂಟು.

"ಹಾಗಿದ್ರೆ ನಾಳೆನೇ ಹೊರಟ್ಬಿಡಿ, ಹೊರಡೋ ದಿನಾನೂ ಸೇರಿ ಇಪ್ಪತ್ತೊಂಬತ್ತಾಗುತ್ತೆ. ಕೊಲಂಬೋ ಹತ್ರ ಇದೆ. ಏಪ್ರಿಲ್ ಒಂದಕ್ಕೆ ಹೊಸ ಲೆಕ್ಕ, ವಾಪಸ್ ಬನ್ನಿ."

ಮೂರು ದಿನದ ಮಾತು. ಆದರೆ ಮನೆಯಲ್ಲಿ ಹೆಂಡತಿ ರತ್ನವ್ವ ತುಂಬು ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಗದಗಿಗೆ ಕಳಿಸಿ ಎಂದು ಅತ್ತೆ ಗೋಗರೆದಿದ್ದರು. ನಾನೇ ಹಟ ಹಿಡಿದು, "ಇಲ್ಲೇ ಆಗಲಿ, ನಾನಿರ್ತೀನಿ" ಎಂದು ಮಾತು ಕೊಟ್ಟು ಅವಳನ್ನು ಉಳಿಸಿಕೊಂಡಿದ್ದೆ. ವೈದ್ಯರು ಹೇಳಿದ ದಿನಕ್ಕೆ ಇನ್ನೂ ಎರಡು ವಾರವಿತ್ತು.

"ನಾ ಬ್ಯಾಡ ಅಂದ್ರ ಇರ್ತೀರೇನು?" ಎಂದಳು ರತ್ನವ್ವ.

ನಾನು ಪೆಟ್ಟಿಗೆಗೆ ಬಟ್ಟೆ ತುಂಬಿದೆ.

ಕೊಲಂಬೋದಲ್ಲಿ ಮೂರು ದಿನ ನಿಂತಲ್ಲಿ ನಿಲ್ಲಲಾರದೆ ಸಮುದ್ರದ ದಂಡೆಯಲ್ಲಿ ಅಲೆದೆ. ಟ್ರಂಕ್ ಕಾಲ್‌ಗೆ ಎರಡು ಸಲ ಬರೆಸಿದರೂ ಲೈನ್ ಸಿಗಲಿಲ್ಲ. ಏಪ್ರಿಲ್ ಒಂದರಂದು ಬಂದು ನೋಡಿದರೆ ಮನೆಗೆ ಬೀಗ. ಜಗಲಿಯ ಮೇಲೆ ಮನೆ ಮಾಲೀಕ ಚಿಕ್ಕಬೈರಪ್ಪ ಕೂತಿದ್ದರು. ಹೆಬ್ಬಾಳದಾಚೆ ದ್ರಾಕ್ಷಿ ತೋಟವಿದ್ದವರು.

"ಎಲ್ಲೋಗ್ಬುಟ್ರಿ ಸಾಮಿ? ಮೊನ್ನೆ ಬೆಳಿಗ್ಗೆನೇ ನೋವು ಕಾಣಿಸ್ಕೊಂತು. ದ್ರಾಕ್ಷಿ ಟೆಂಪೋದಾಗೇ ಆಸ್ಪತ್ರೆಗೆ ಕರ್ಕೊಂಡೋದೆ. ಎಣ್ಮಗ. ಇಬ್ರೂ ಚೆನ್ನಾಗವ್ರೆ." ಜಗಲಿಯಿಂದ ಎದ್ದು ಬೀಗದ ಕೈ ಕೊಡುತ್ತ ಹೇಳಿದರು: "ಆಸ್ಪತ್ರೆಯೋರು ಗಂಡ ಎಲ್ಲವ್ನೆ ಅಂದ್ರು. ನಾನೇನೇಳ್ಲಿ?"

ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಆಸ್ಪತ್ರೆಯಲ್ಲಿ ರತ್ನವ್ವ ಮಗುವನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ಹೊರಳಿದಳು. ಹೋಗಲಿ, ಕೆಲಸವಾದರೂ ಆಯಿತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅದೂ ಹೆಚ್ಚು ದಿನ ಉಳಿಯಲಿಲ್ಲ. ಜೂನ್‌ನಲ್ಲಿ ಚನ್ನಕೇಶವ ನನ್ನ ಪಾಸ್‌ಪೋರ್ಟಿನ ಮುದ್ರೆಗಳನ್ನು ಎಣಿಸಿ ತಲೆ ಎತ್ತಿದರು.

"ಮೂವತ್ತು ಕಣ್ರೀ."

ಡೈರಿ ತೆಗೆದೆ. ದೀಪಾವಳಿಗೆ ಬಂದವನು ಬೊಂಬಾಯಿ ಬಿಟ್ಟದ್ದು ನವೆಂಬರ್ ಐದು, ರಾತ್ರಿ ಒಂಬತ್ತೂವರೆ ಎಂದಿತ್ತು. ಮುದ್ರೆಯಲ್ಲಿ ಆರನೇ ತಾರೀಖು. ತಪ್ಪು ಹೊಳೆದಾಗ ಹಣೆ ಚಚ್ಚಿಕೊಳ್ಳುವಂತಾಯಿತು. ಪೈಲಟ್‌ಗಳ ವಾಡಿಕೆಯಂತೆ ನನ್ನ ವಾಚು, ಡೈರಿ ಎರಡೂ ಗ್ರೀನಿಚ್ ಸಮಯದಲ್ಲೇ ಇರುತ್ತಿದ್ದವು. ಅಲ್ಲಿ ಐದನೇ ತಾರೀಖಿನ ರಾತ್ರಿಯಾಗಿದ್ದಾಗ ಇಲ್ಲಿ ಆರನೇ ತಾರೀಖಿನ ನಸುಕು ಮೂರು ಗಂಟೆ. ಕೊಲಂಬೋಗೆ ಓಡುವ ಹೊತ್ತಿಗೇ ಮೂವತ್ತು ತುಂಬಿತ್ತು.

"ಕಾನೂನಿನ ಪ್ರಕಾರ ನೀವು ಇಲ್ಲಿಯವರೇ ಬಿಡಿ," ಎಂದರು ಚನ್ನಕೇಶವ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ರತ್ನವ್ವ ಮಗುವಿನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಹಂಗಾರ ಸರಕಾರದ ಲೆಕ್ಕದಾಗ ನೀವು ಈ ಮನಿಯವರ."

"ಹೂಂ."

ಅವಳು ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮದುವೆಯಾದಂದಿನಿಂದ ನನ್ನ ಹೆಸರನ್ನು ಬಾಯಲ್ಲಿ ತಂದವಳಲ್ಲ. ಒಗಟು ಕಟ್ಟಿ ಹೇಳು ಎಂದರೂ ನಾಚುವವಳು.

"ಅವತ್ತ ಮುಂಜಾನೆ," ಎಂದಳು, "ಗುರುಪಾದಪ್ಪ, ಗುರುಪಾದಪ್ಪ ಅಂತ ಇದೇ ಮನ್ಯಾಗ ಒದರೀನ್ರಿ. ಯಾರೂ ಓ ಅನ್ನಲಿಲ್ಲ."