ಹನ್ನೊಂದನೇ ಉಂಡೆಯ ಬೆನಕ

ತೀರ್ಥಪ್ಪ ದಿನಾ ಬೆಳಿಗ್ಗೆ ಎರಡು ಬಕೆಟ್ ಸಗಣಿ ಹೊತ್ತು ತರುವ ಮನುಷ್ಯ. ಆದರೂ ಹೆಂಡತಿ ಕರಿಬಸಮ್ಮನ ಖಾರದಪುಡಿ ಮೆಷಿನ್ನಿನ ಪೂಜೆಯ ದಿನ, ಬೆನಕ ಮಾಡಲು ಅವನ ಮನೆಯಲ್ಲಿ ಒಂದು ಹಿಡಿ ಸಗಣಿ ಇರಲಿಲ್ಲ. ಇದಕ್ಕಿಂತ ದೊಡ್ಡ ಅವಮಾನ ಅಜ್ಜಂಪುರದಲ್ಲಿ ಇನ್ಯಾರಿಗಾದರೂ ಆಗಿದ್ದರೆ ಹೇಳಿ.

ತಂದದ್ದೆಲ್ಲ ಹುಳುಗಳ ಪಾಲಾಗಿತ್ತು. ಅವನ ಹಳೇ ಕೊಟ್ಟಿಗೆಯನ್ನು ಪ್ರಜ್ಞಾ ಎಂಬ ಸಂಶೋಧಕಿ ಬಾಡಿಗೆಗೆ ಹಿಡಿದು ಸಗಣಿ ಜೀರುಂಡೆ ಸಾಕುತ್ತಿದ್ದಳು. ದನಗಳಿಗೆ ಹಾಕುವ ಜಂತಿನ ಔಷಧಿ ಸಗಣಿಗಿಳಿದು ಇವುಗಳ ಸಂತಾನವೇ ಕ್ಷೀಣಿಸುತ್ತಿದೆ, ಸಾಕಿ ಹೆಚ್ಚಿಸಿ ದನ ಮೇಯುವ ಕಾವಲಿಗೆ ಬಿಡಬೇಕು ಎಂಬುದು ಅವಳ ಹಟ. ತಾಯಿ ಜೀರುಂಡೆ ಸಗಣಿಯನ್ನು ಉಂಡೆ ಕಟ್ಟಿ, ಒಳಗೊಂದು ಮೊಟ್ಟೆಯಿಟ್ಟು, ಮೇಲೆ ಮಣ್ಣು ಮೆತ್ತುತ್ತದೆ. ಮರಿ ಅದರೊಳಗೇ ತಿಂದು ಬೆಳೆದು ಜೀರುಂಡೆಯಾಗಿ ಹೊರಬರಬೇಕು. ಕೊಟ್ಟಿಗೆಯಲ್ಲಿ ಹನ್ನೊಂದು ಬೇಸಿನ್, ಹನ್ನೊಂದು ಉಂಡೆ. ಬರಬೇಕಾದ ದಿನ ಕಳೆದು ಒಂದೂವರೆ ತಿಂಗಳಾದರೂ ಒಂದೂ ಮಿಸುಕಿರಲಿಲ್ಲ. ಸೋಮವಾರ ಬರುತ್ತೇನೆ, ಅಷ್ಟರಲ್ಲಿ ಒಂದಾದರೂ ಹೊರಬರದಿದ್ದರೆ ಕೆಲಸ ಮುಚ್ಚೋಣ ಎಂದು ಅವಳ ಗೈಡ್ ಹೇಳಿಬಿಟ್ಟಿದ್ದರು.

ಉಂಡೆ ಯಾರೂ ಮುಟ್ಟಬಾರದು, ದಿನಕ್ಕೆ ಮೂರೇ ಚಮಚ ನೀರು, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ ಎಂಬುದು ಅವಳ ಕಾನೂನು. ತೀರ್ಥಪ್ಪ ವಿಭೂತಿ ಗಟ್ಟಿ ಮುಟ್ಟಿ ಮಾತು ಕೊಟ್ಟು ಕೊಟ್ಟಿಗೆಯ ಬೀಗದಕೈ ಇಸಿದುಕೊಂಡಿದ್ದ. ಆ ಹುಡುಗಿ ಊರು ಬಿಡುತ್ತಾಳೆಂದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಭಾನುವಾರ ಅವಳು ಸಾಮಾನು ಕಟ್ಟಲು ರಟ್ಟಿನ ಡಬ್ಬ ತರಲೆಂದು ಬೀರೂರಿಗೆ ಹೋಗಿದ್ದಳು. ಇತ್ತ ಪೂಜೆಗೆ ಬಂದ ಅಯ್ಯನವರಿಗೆ ತರೀಕೆರೆ ಬಸ್ಸಿನ ಆತುರ. ಬೆನಕ ಎಲ್ಲಿ ಎಂದು ಮೂರು ಸಲ ಕೇಳಿದರು. ಕರಿಬಸಮ್ಮ ಗಂಡನನ್ನು ನೋಡಿದ ನೋಟದಲ್ಲಿ ಮೆಷಿನ್ನಿಗೆ ಹಾಕುವಷ್ಟು ಖಾರವಿತ್ತು. ತೀರ್ಥಪ್ಪ ಕೊಟ್ಟಿಗೆಗೆ ನುಗ್ಗಿದ. ಹನ್ನೊಂದನೇ ಬೇಸಿನ್ನಿನ ಉಂಡೆ ಕೈಯಲ್ಲಿ ಮಾಡಿದರೂ ಬಾರದಷ್ಟು ಗುಂಡಗಿತ್ತು. ಅರ್ಧ ಗಂಟೆ ಪೂಜೆ, ಆಮೇಲೆ ಇದ್ದಲ್ಲೇ ಇಟ್ಟರಾಯಿತು, ಹುಳುವಿಗೂ ಪುಣ್ಯ ಎಂದುಕೊಂಡು ಎತ್ತಿಕೊಂಡು ಬಂದ.

ಅಯ್ಯನವರು ಗರಿಕೆ ಸಿಕ್ಕಿಸಲು ಹೋದರೆ ಬೆನಕ ಕಲ್ಲಾಗಿದ್ದಾನೆ. ಗೊಣಗುತ್ತಾ ಒಂದು ತಂಬಿಗೆ ನೀರು ಸುರಿದರು. ಸಾಲದೆಂದು ತೆಂಗಿನಕಾಯಿ ನೀರನ್ನೂ ಸುರಿದರು. ಗರಿಕೆ ನಿಂತಿತು, ವಿಭೂತಿ ಬಳಿದದ್ದಾಯಿತು. ಮಂಗಳಾರತಿಯ ಹೊತ್ತಿಗೆ ಗರಿಕೆ ಅಲ್ಲಾಡಿತು. ಗಂಟೆ ನಿಂತಿತು. ಪಕ್ಕದ ಮನೆ ಉಚ್ಚಂಗಮ್ಮ ಎರಡೂ ಕೆನ್ನೆ ಬಡಿದುಕೊಂಡಳು. ಬೆನಕನ ಹೊಟ್ಟೆ ಬಿರಿದು ಕೊಂಬೊಂದು ಹೊರಬಂತು, ಹಿಂದೆಯೇ ವಿಭೂತಿ ಬಳಿದುಕೊಂಡ ಕರೀ ಜೀರುಂಡೆ. ಅದು ವೀಳ್ಯದೆಲೆ ತುಳಿದು, ಬುರ್ರನೆ ಹಾರಿ, ಸೀದಾ ಮೆಣಸಿನಕಾಯಿ ತುಂಬಿಟ್ಟಿದ್ದ ಮೆಷಿನ್ನಿನ ಬಾಯೊಳಗೆ ಬಿತ್ತು.

ಮುಹೂರ್ತ ಮೀರುತ್ತಿದೆ ಎಂದು ಕರಿಬಸಮ್ಮನ ಕೈ ಸ್ವಿಚ್ಚಿಗೆ ಹೋಗಿತ್ತು.

"ಮುಟ್ಬ್ಯಾಡ ಕಣೇ, ಒಳಗೆ ಪ್ರಜ್ಞವ್ವ ಅವ್ಳೆ" ಅಂದ ತೀರ್ಥಪ್ಪ. ಗಾಬರಿಗೆ ಏನೋ ಬಾಯಿಗೆ ಬಂದಿತ್ತು. ಮೊಣಕೈವರೆಗೆ ಖಾರ ಮೆತ್ತಿಕೊಂಡು ಹುಳುವನ್ನು ಹೊರತೆಗೆದ.

ಅದನ್ನು ತೊಳೆದು, ಒಡೆದ ಉಂಡೆಯ ಸಮೇತ ಬೇಸಿನ್ನಿಗೆ ಬಿಟ್ಟ. ಡಬ್ಬ ಹೊತ್ತು ಬಂದ ಪ್ರಜ್ಞಾ ನೋಡಿದವಳೇ ನೆಲದ ಮೇಲೆ ಕುಳಿತು ಅತ್ತಳು. ಗೈಡಿಗೆ ಫೋನು ಮಾಡಿ, ಮೂರು ಚಮಚದ ಲೆಕ್ಕವೇ ಸರಿ, ಉಳಿದ ಹತ್ತಕ್ಕೂ ಅಷ್ಟೇ ಹಾಕುತ್ತೇನೆ ಅಂದಳು.

ಮಳೆ ಬಿದ್ದ ಮಾರನೇ ದಿನ ಕಾವಲಿನಲ್ಲಿ ಜೀರುಂಡೆ ಏಳುವುದನ್ನು ಹುಟ್ಟಿದಾಗಿನಿಂದ ಕಂಡವನು ತೀರ್ಥಪ್ಪ. ಉಂಡೆ ಸತ್ತಿರಲಿಲ್ಲ, ಮಳೆಗೆ ಕಾಯುತ್ತಿತ್ತು. ಸುಮ್ಮನಿದ್ದರೆ ಹತ್ತೂ ಒಳಗೇ ಸಾಯುತ್ತವೆ. ಬಾಯಿ ಬಿಟ್ಟರೆ ಹುಡುಗಿ ಇನ್ನು ಮುಖ ನೋಡುವುದಿಲ್ಲ. ಅವನಿಗೆ ಅಳು ಬಂತು, ಅರ್ಧ ಖಾರದ್ದು.

"ಮೂರು ಚಮಚ ಅಲ್ಲ ಕಣವ್ವ, ಒಂದು ತಂಬಿಗೆ, ಮ್ಯಾಲೆ ಕಾಯಿ ನೀರು. ಬೆನಕ ಮಾಡ್ಬಿಟ್ಟಿದ್ದೆ. ಮಾತು ತಪ್ಪಿದೆ."

ಪ್ರಜ್ಞಾ ಕೈಯಲ್ಲಿದ್ದ ಫೋನು ಕೆಳಗಿಟ್ಟಳು. ಆಮೇಲೆ ಪುಸ್ತಕ ತೆರೆದು, ತಂಬಿಗೆ ತರಿಸಿ ಅಳೆದಳು. ಕಾಯಿ ಎಳೆಯದೋ ಬಲಿತದ್ದೋ ಎಂದು ಕೇಳಿ ಬರೆದುಕೊಂಡಳು. ಮಂತ್ರವೂ ಬೇಕೇನವ್ವ ಎಂದು ತೀರ್ಥಪ್ಪ ಹೆದರುತ್ತಲೇ ಕೇಳಿದ. ಅವಳು ಗಂಭೀರವಾಗಿಯೇ ಯೋಚಿಸಿ, ಐದಕ್ಕೆ ಹೇಳಿ, ಐದಕ್ಕೆ ಬೇಡ ಅಂದಳು.

ಹತ್ತಕ್ಕೂ ತಂಬಿಗೆ ನೀರು ಬಿತ್ತು. ಬೆಳಗಾಗುವಷ್ಟರಲ್ಲಿ ಏಳು ಜೀರುಂಡೆ ಹೊರಬಂದಿದ್ದವು. ಮಂತ್ರದ ಕಡೆ ಮೂರು, ಮಂತ್ರವಿಲ್ಲದ ಕಡೆ ನಾಲ್ಕು. ಇದು ಅಯ್ಯನವರ ಕಿವಿಗೆ ಬೀಳಕೂಡದೆಂದು ಕರಿಬಸಮ್ಮ ಎಲ್ಲರಿಗೂ ತಾಕೀತು ಮಾಡಿದಳು.

ಗೈಡ್ ಬಂದು ಒಂದೊಂದನ್ನೇ ಎತ್ತಿ ನೋಡಿದರು. ಹನ್ನೊಂದನೆಯದರ ಕತ್ತಿನ ಸಂದಿಯಲ್ಲಿ ಬಿಳೀ ಗೀರೊಂದು ಉಳಿದಿತ್ತು. ಇದೇನು ಎಂದು ಕೇಳಿದರು. ತೀರ್ಥಪ್ಪ ಗೋಡೆಯ ಕಡೆ ತಿರುಗಿ ನಿಂತ.

"ಗುರುತು ಸರ್. ಮೊದಲು ಬಂದಿದ್ದಲ್ವಾ, ನಮ್ಮ ತೀರ್ಥಪ್ಪನೋರು ಹಚ್ಚಿದ್ದು" ಅಂದಳು ಪ್ರಜ್ಞಾ.

ಗೈಡ್ ಮೆಚ್ಚಿ, ಎಲ್ಲಕ್ಕೂ ಹೀಗೇ ಹಚ್ಚಿ ಎಂದರು. ತೀರ್ಥಪ್ಪ ವಿಭೂತಿ ಗಟ್ಟಿ ತರಲು ಒಳಗೆ ಓಡಿದ. ಹಿಂತಿರುಗುವಷ್ಟರಲ್ಲಿ ಪ್ರಜ್ಞಾ, ಅವನು ಬಾಗಿಲಲ್ಲೇ ಬಿಟ್ಟು ಹೋಗಿದ್ದ ಕೊಟ್ಟಿಗೆಯ ಬೀಗದಕೈಯನ್ನು, ಇನ್ನು ಇದು ನಿಮ್ಮ ಹತ್ತಿರವೇ ಇರಲಿ ಎಂದು ಕರಿಬಸಮ್ಮನ ಕೈಗೆ ಕೊಟ್ಟಿದ್ದಳು.