ಪರಮಶಿವಯ್ಯನವರ ಕಣ್ಣಿಗೆ ಬಿದ್ದ ಮೂಗು

ಪಾಳ್ಯದ ಪರಮಶಿವಯ್ಯನವರಿಗೆ ಇದ್ದದ್ದೇ ಒಂದು ಕಣ್ಣು. ಇನ್ನೊಂದು ಚಿಕ್ಕಂದಿನಲ್ಲೇ ಚಿನ್ನಿದಾಂಡು ಬಡಿದು ಹೋಗಿತ್ತು. ಉಳಿದ ಕಣ್ಣಿನೊಳಗೂ ತೆಳ್ಳನೆಯ ಪೊರೆ ಬೆಳೆದು ಸುಕ್ಕುಗಟ್ಟಿ, ಕರೆಂಟ್ ಕಂಬ, ಬಾಗಿಲ ಚೌಕಟ್ಟು, ಹೆಂಡತಿಯ ಬೈತಲೆ ಎಲ್ಲವೂ ಬಳುಕಿ ಕಾಣುತ್ತಿದ್ದವು. ದೋಷ ಕಣ್ಣಿನದೆಂದು ಅವರು ಒಪ್ಪಿದವರಲ್ಲ. ಮಗಳು ಸುಮನಾಳನ್ನು ನೋಡಲು ಬಂದ ಗಂಡುಗಳನ್ನೆಲ್ಲ ಮೂಗು ಡೊಂಕೆಂದು ವಾಪಸು ಕಳಿಸಿದರು.

ಕೊನೆಗೆ ಬಾಳ್ಳುಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಸಿದ್ದು ಬಂದ. ಅವನ ಮೂಗು ಕಬಡ್ಡಿಯಲ್ಲಿ ಮುರಿದು ನಿಜವಾಗಿಯೂ ಬಲಕ್ಕೆ ವಾಲಿತ್ತು. ಪರಮಶಿವಯ್ಯನವರು ದಿಟ್ಟಿಸಿ ನೋಡಿ, ನೆರೆದವರ ಮುಂದೆ ತೊಡೆ ತಟ್ಟಿದರು.

"ಇದಪ್ಪ ಮೂಗು! ನೂಲು ಹಿಡಿದಂಗೈತೆ. ಗಂಡು ಆರಿಸಾಕೆ ನಂಗೆ ಒಂದ್ ಕಣ್ಣೇ ಸಾಕು ಕಣ್ರಯ್ಯ."

ಡೊಂಕು ನೋಟಕ್ಕೆ ಡೊಂಕು ಮೂಗು ಸರಿಹೋಗಿತ್ತು. ಹುಡುಗ ಒಳ್ಳೆಯವನು, ಸುಮನಾಳಿಗೂ ಮನಸ್ಸಾಗಿತ್ತು. ತಾಯಿ ವಿಶಾಲಮ್ಮ ಬಾಯಿಗೆ ಬೀಗ ಹಾಕಿಕೊಂಡರು.

ಮದುವೆಗೆ ಲಗ್ನ ಗೊತ್ತುಮಾಡಿದ ವಾರವೇ ಪರಮಶಿವಯ್ಯನವರು ಬೋರ್ಡು ಓದಲಾಗದೆ ಹಾಸನದ ಬದಲು ಮಂಗಳೂರಿನ ಬಸ್ಸು ಹತ್ತಿದರು. ಹೇಗೂ ಬಂದದ್ದಾಯಿತೆಂದು ಅಲ್ಲಿನ ಕಣ್ಣಾಸ್ಪತ್ರೆಗೂ ಹೋದರು. ಡಾಕ್ಟರು ಆಪರೇಷನ್ ಮಾಡಿ ಪೊರೆ ಸುಲಿದು ತೆಗೆದರು. ನೋಟ ಒಂದೇ ಸಲ ಬರುವುದಿಲ್ಲ, ತಿಂಗಳುಗಟ್ಟಲೆ ನಿಧಾನವಾಗಿ ತಿಳಿಯಾಗುತ್ತದೆ ಎಂದರು.

ವಿಶಾಲಮ್ಮ ದೇವರಿಗೆ ವಿಚಿತ್ರ ಹರಕೆ ಹೊತ್ತರು: ಗಂಡನಿಗೆ ಕಣ್ಣು ಬರಲಿ, ಆದರೆ ಮಗಳಿಗೆ ತಾಳಿ ಬಿದ್ದ ಮೇಲೆ ಬರಲಿ.

ಮೊದಲು ಕಂಬ ನೆಟ್ಟಗಾಯಿತು. ಆಮೇಲೆ ಬಾಗಿಲು. ಸಿದ್ದು ಕಿತ್ತಳೆ ಹಣ್ಣು ಹಿಡಿದು ಬಂದಾಗಲೆಲ್ಲ ವಿಶಾಲಮ್ಮ ಅವನ ಮೂಗಿಗೆ ಕರ್ಚೀಫು ಒತ್ತಿಸಿ ಒಳಗೆ ಬಿಡುತ್ತಿದ್ದರು.

"ನೆಗಡಿ ಅನ್ನು."

"ಅತ್ತೆ, ಎರಡ್ ತಿಂಗ್ಳಿಂದ ನೆಗಡಿ ಯಾರಿಗಿರ್ತೈತೆ?"

"ನಿಂಗೈತೆ, ಸೀನೋ ಮಾರಾಯ."

ಮದುವೆಯ ದಿನ ಬಂತು. ಬಾಸಿಂಗ ಕಟ್ಟಿ ಕೂತ ಮದುಮಗನ ಮೂಗಿಗೆ ಕರ್ಚೀಫು ಹಿಡಿಸುವುದು ಹೇಗೆ? ಪಕ್ಕದ ಮನೆ ಗುಂಡಯ್ಯನಿಗೆ ಇಂಥದ್ದೇ ಬೇಕಿತ್ತು.

"ಪರಮಶಿವಣ್ಣ, ಅಳಿಯನ ಮಕ ಈಗ ಚೆನ್ನಾಗಿ ಕಾಣ್ತೈತಾ?"

ಪರಮಶಿವಯ್ಯನವರು ಮಂಟಪದ ಕಂಬ ನೋಡಿದರು. ನೆಟ್ಟಗಿತ್ತು. ಹಿಂದೆ ತಾವು ಬೇಡವೆಂದಿದ್ದ ಗಂಡೊಬ್ಬ ಊಟಕ್ಕೆ ಬಂದಿದ್ದ, ಅವನ ಮೂಗೂ ನೆಟ್ಟಗಿತ್ತು. ಸಿದ್ದುವಿನ ಮೂಗು ನೋಡಿದರು. ನೋಡುತ್ತಲೇ ಇದ್ದರು. ಸುಮನಾ ತಲೆ ಬಗ್ಗಿಸಿದಳು. ವಿಶಾಲಮ್ಮನ ಕೈಯಲ್ಲಿದ್ದ ಅಕ್ಷತೆ ಬೆವರಿಗೆ ಮುದ್ದೆಯಾಯಿತು.

ಕೊನೆಗೆ ಪರಮಶಿವಯ್ಯನವರು ಗುಂಡಯ್ಯನ ಹೆಗಲ ಮೇಲೆ ಕೈಯಿಟ್ಟರು.

"ಆಪರೇಷನ್ ಆದ್ರೂ ಒಂಚೂರು ಡೊಂಕು ಕಣ್ಣಾಗೇ ಉಳ್ಕತೈತಂತೆ ಕಣೋ ಗುಂಡ. ಡಾಕ್ಟ್ರೇ ಹೇಳವ್ರೆ."

"ಎಲ್ಲಾದ್ರಾಗೂ ಉಳ್ದೈತಾ?"

"ಇಲ್ಲ. ಮೂಗ್ನಾಗೆ ಮಾತ್ರ," ಎಂದ ಪರಮಶಿವಯ್ಯನವರು ವಾಲಗದವರತ್ತ ತಿರುಗಿದರು. "ಏನ್ರಯ್ಯ ಬಾಯಿ ಬಿಟ್ಕಂಡು ನೋಡ್ತೀರಾ? ಊದ್ರಿ!"